ಅಳತೆಯ ದಿನದ ಮಾತ್ರೆ

ಲೂಪಿಂಗ್ ಹಳ್ಳಿ, ಲೊಂಗ್‌ನಾನ್ ಬೆಟ್ಟ
ಹನ್ನೆರಡನೆಯ ತಿಂಗಳು, ಒಂಬತ್ತನೆಯ ದಿನ

ಪ್ರೀತಿಯ ಶೌಪಿಂಗಣ್ಣಾ,

ಹೇಗಿದ್ದೀಯ? ಉಪ್ಪುನೀರಿಗೆ ಒಡೆದಿದ್ದ ಕೈ ವಾಸಿಯಾಯಿತೇ? ಹಲ್ಲುನೋವು ಈಗ ಹೇಗಿದೆ? ಹಡಗಿನಲ್ಲಿ ಹಲ್ಲು ಕೀಳುವವನೂ ಅಡುಗೆಯವನೇ ಅಂತ ನೀನು ಬರೆದಿದ್ದನ್ನು ಓದಿ ಹೇಳಿದಾಗ ಅಮ್ಮ ಮೊದಲು ನಕ್ಕಳು, ಆಮೇಲೆ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಹೊಸ ವರ್ಷ ಕಳೆದ ಮೇಲೆ ನಿಮ್ಮ ಹಡಗಿಗೆ ಸಾಮಾನು ತರುವ ದೋಣಿ ಹೊರಡುತ್ತದಂತೆ. ಅದರಲ್ಲಿ ಈ ಕಾಗದ ಕಳಿಸುತ್ತೇವೆ ಅಂತ ಬಂದರಿನ ಆಫೀಸಿನವರು ಹೇಳಿದ್ದಾರೆ. ನಿನ್ನೆ ಹಬ್ಬದ ಎಂಟು ಧಾನ್ಯದ ಗಂಜಿ ಮಾಡಿದ್ದೆ. ನಿನ್ನ ಪಾಲಿನ ಬಟ್ಟಲನ್ನೂ ತುಂಬಿ ಇಟ್ಟಿದ್ದೆ. ಅಮ್ಮನಿಗೆ ಚಮಚದಲ್ಲಿ ಕುಡಿಸಿದೆ.

ಚಮಚದಲ್ಲಿ ಅಂತ ಯಾಕೆ ಬರೆದೆ ಅಂತ ನಿನಗೆ ಅನ್ನಿಸುತ್ತದೆ. ಇದೇ ಕಾಗದವನ್ನು ಮೂರು ಸಲ ಬರೆದಿದ್ದೇನೆ ಅಣ್ಣಾ. ಮೊದಲ ಎರಡರಲ್ಲಿ ಅಮ್ಮ ಆರಾಮಾಗಿದ್ದಾಳೆ ಅಂತ ಇತ್ತು. ಎರಡನ್ನೂ ಒಲೆಗೆ ಹಾಕಿದೆ. ನಾನು ಆರನೇ ಕ್ಲಾಸಿಗೇ ಬಿಟ್ಟವಳು, ವಿಷಯವನ್ನು ಮೆತ್ತಗೆ ಮಾಡಿ ಹೇಳಲು ಬರುವುದಿಲ್ಲ. ಹತ್ತನೆಯ ತಿಂಗಳ ಇಪ್ಪತ್ತನಾಲ್ಕನೆಯ ದಿನ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಏಳುವುದಿಲ್ಲ. ಮಾತು ಹೋಗಿದೆ. ಆದರೆ ಅವಳಿಗೆ ಎಲ್ಲಾ ತಿಳಿಯುತ್ತದೆ, ಕಣ್ಣು ನೋಡಿದರೆ ಗೊತ್ತಾಗುತ್ತದೆ.

ಇದು ಹೇಗಾಯಿತು ಅಂತ ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ನೀನು ಯಾರಾದರೊಬ್ಬರನ್ನು ಬೈಯುತ್ತೀಯ. ನೀನು ಹಡಗು ಹತ್ತಿದ ಮೇಲೆ ನಮ್ಮಲ್ಲಿ ಹೊಸ ಏರ್ಪಾಡು ಬಂತು. ಮೊದಲು ಬಿಪಿಗೆ ಮಿಂಗ್‌ತಾಂಗ್ ಚಿಕ್ಕಪ್ಪನ ದವಾಖಾನೆ, ಸಕ್ಕರೆಗೆ ಪೇಟೆ, ಎದೆನೋವಿಗೆ ಜಿಲ್ಲಾ ಆಸ್ಪತ್ರೆ ಅಂತ ಮೂರು ಕಡೆ ಮೂರು ಸಾಲಿನಲ್ಲಿ ನಿಲ್ಲಬೇಕಿತ್ತಲ್ಲ. ಈಗ ವರ್ಷಾನುಗಟ್ಟಲೆ ಇರುವ ಕಾಯಿಲೆಯೆಲ್ಲಾ ಹಳ್ಳಿಯ ಡಾಕ್ಟರೇ, ಅಂದರೆ ಚಿಕ್ಕಪ್ಪನೇ, ನೋಡಬೇಕು, ಮಾತ್ರೆ ಅಲ್ಲೇ ಪುಕ್ಕಟೆ. ಪ್ರತಿ ಮನೆಯ ಬಾಗಿಲಿಗೂ ಚಿಕ್ಕಪ್ಪನ ಫೋಟೋ ಇರುವ ಕಾಗದ ಅಂಟಿಸಿದರು. ಆ ದಿನ ಚಿಕ್ಕಪ್ಪ ಎದೆಯುಬ್ಬಿಸಿ, "ಅತ್ಗೇ, ಇನ್ಮೇಲೆ ನಿನ್ನ ಬಿಪಿ, ಸಕ್ರೆ, ಹಾರ್ಟು ಎಲ್ಲಾ ನನ್ನ ತಲೆ ಮೇಲೆ" ಅಂದ. ಅಮ್ಮ ಬಿಡುತ್ತಾಳೆಯೇ? "ನಿನ್ನ ತಲೆ ಮೇಲೆ ಕೂದ್ಲೇ ನಿಲ್ಲಲ್ಲ ಕಣೋ, ಇದೆಲ್ಲಾ ಎಲ್ಲಿ ನಿಲ್ಲುತ್ತೆ?" ಅಂದಳು. ಏರ್ಪಾಡು ಒಳ್ಳೆಯದೇ ಅಣ್ಣಾ. ಅದನ್ನು ನಾನು ಈಗಲೂ ಹೇಳುತ್ತೇನೆ.

ಆದರೆ ಮೂರು ತಿಂಗಳಿಗೊಮ್ಮೆ ಅಳೆದ ಅಂಕಿಯೆಲ್ಲಾ ಮೇಲೆ ಹೋಗುತ್ತದೆ. ಯಾವ ಹಳ್ಳಿಯಲ್ಲಿ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ ಅಂತ ಸಭೆಯಲ್ಲಿ ಓದುತ್ತಾರೆ. ಮೊದಲ ಸಲ ನಮ್ಮ ಹಳ್ಳಿ ಕೊನೆಯದು. ಚಿಕ್ಕಪ್ಪನನ್ನು ಎಲ್ಲರೆದುರು ನಿಲ್ಲಿಸಿದರಂತೆ, ಐವತ್ತೆಂಟು ವರ್ಷದವನನ್ನು. ಚಿಕ್ಕಮ್ಮ ಬಂದು ಹೇಳಿದಳು. ಕೇಳಿದ ಮುದುಕಿಯರಿಗೆಲ್ಲಾ ತಮ್ಮ ಮಾನವೇ ಹೋದ ಹಾಗಾಯಿತು. ನಿನಗೆ ಏಳು ವರ್ಷವಿದ್ದಾಗ ಜ್ವರದಲ್ಲಿ ಹಿಮ ತುಳಿದುಕೊಂಡು ಪೇಟೆಯವರೆಗೂ ಹೊತ್ತುಕೊಂಡು ಹೋದವನು ಅವನೇ ತಾನೇ. ಊರಲ್ಲಿ ಅವನ ಬೆನ್ನಿನ ಋಣ ಇಲ್ಲದ ಮನೆ ಯಾವುದಿದೆ?

ಹೀಗಾಗಿ ಅಮ್ಮನೇ ಮುಂದಾಳು. ನಮ್ಮ ಕಾಂಗ್ ಜಗಲಿಯ ಮೇಲೆ ಐದಾರು ಜನ ಅಡಿಯ ಬೆಂಕಿಗೆ ಕಾಲು ಬೆಚ್ಚಗೆ ಮಾಡಿಕೊಂಡು ಅಕ್ರೋಟು ಒಡೆಯುತ್ತಾ ಕೂತಿದ್ದರು. "ಅಳ್ಯೋಕೆ ಮೂರು ದಿನ ಮುಂಚೆ ಉಪ್ಪಿನ ಸೊಪ್ಪಿನ ಜಾಡಿ ಮುಟ್ಬೇಡಿ. ಬೆಳಿಗ್ಗೆ ಎದ್ದು ಎರಡು ಮಾತ್ರೆ ಒಟ್ಟಿಗೆ ನುಂಗಿ. ಜಗಳ ಆಡ್ಬೇಡಿ, ಸೊಸೆ ಮುಖ ನೋಡ್ಬೇಡಿ" ಅಂತ ಅಮ್ಮ ಹೇಳಿಕೊಟ್ಟಳು. "ಮಿಕ್ಕ ದಿನ ಮಾತ್ರೆ?" ಅಂತ ಕಿವುಡಿ ಫಾಂಗ್ ಅಜ್ಜಿ ಕೂಗಿದಳು. "ಮಿಕ್ಕ ದಿನ ಯಾವನು ಅಳೀತಾನೆ?" ಅಂದಳು ಅಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಹಾ ತಂದಿಟ್ಟ ನಾನೂ ನಕ್ಕೆ. ತಲೆ ಸುತ್ತದ ದಿನ ಔಷಧಿ ನುಂಗಿದರೆ ಔಷಧಿ ದಂಡ ಅಂತ ಅವರೆಲ್ಲರ ಎಣಿಕೆ. ಅಮ್ಮ ಉಳಿಸಿದ ಮಾತ್ರೆ ಬಿಸ್ಕತ್ತಿನ ಡಬ್ಬಿ ತುಂಬಾ ಇತ್ತು.

ಎರಡನೆಯ ಸಲ ನಮ್ಮ ಹಳ್ಳಿ ನಡುವಿಗೆ ಬಂತು, ನಾಲ್ಕನೆಯ ಸಲ ತಾಲೂಕಿಗೇ ಮೊದಲು. ಚಿಕ್ಕಪ್ಪನಿಗೆ ಗೊತ್ತಿತ್ತೇ ಅಂತ ಕೇಳಬೇಡ. ಅವನು ಪಾದರಸದ ಗೆರೆ ನೋಡುತ್ತಿದ್ದ, ಅಮ್ಮನ ಮುಖ ನೋಡುತ್ತಿದ್ದ, ಬರೆದುಕೊಳ್ಳುತ್ತಿದ್ದ. ಇಷ್ಟು ಚೆನ್ನಾಗಿ ನಡೆಸುವವನಿಗೆ ಇನ್ನಷ್ಟು ಕೊಡೋಣ ಅಂತ ಮೇಲಿನವರು ಗುಡ್ಡದ ಆಚೆಯ ಎರಡು ಹಳ್ಳಿಗಳನ್ನೂ ಅವನಿಗೇ ವಹಿಸಿದರು. ಅಂಕಿ ಕೆಟ್ಟಿರುವವರನ್ನು ಎರಡು ವಾರಕ್ಕೊಮ್ಮೆ ನೋಡಬೇಕು, ಚೆನ್ನಾಗಿರುವವರನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು ಅಂತ ನಿಯಮ. ನಾವು ಚೆನ್ನಾಗಿರುವವರು. ಹಾಗಾಗಿ ಅವನ ಮೋಟಾರ್‌ಸೈಕಲ್ಲು ದಿನಾ ಗುಡ್ಡದಾಚೆಗೇ ಹೋಯಿತು.

ಹತ್ತನೆಯ ತಿಂಗಳ ಇಪ್ಪತ್ತೆರಡಕ್ಕೆ ಅಳೆದಾಗ ಅಮ್ಮನದು ನೂರಿಪ್ಪತ್ತೆಂಟು, ಎಂಬತ್ತು. ಇಪ್ಪತ್ತನಾಲ್ಕಕ್ಕೆ ಹಿಟ್ಟು ನಾದುತ್ತಾ ನಾದುತ್ತಾ ಕೈ ನಿಂತಿತು. ಚಿಕ್ಕಪ್ಪ ಗುಡ್ಡದಾಚೆಯಿಂದ ಬರಲು ಎರಡು ಗಂಟೆ ಹಿಡಿಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಅಮ್ಮನ ಬಿಪಿ ಇನ್ನೂರ ಹತ್ತು. ನನ್ನ ವಯಸ್ಸಿನವನೇ ಒಬ್ಬ ಡಾಕ್ಟರು ಕಂಪ್ಯೂಟರಿನಲ್ಲಿ ಹಳೆಯದನ್ನೆಲ್ಲಾ ನೋಡಿದ. "ಒಂದು ವರ್ಷದಿಂದ ಎಲ್ಲಾ ಚೆನ್ನಾಗೇ ಇದೆಯಲ್ಲಾ! ಮಾತ್ರೆ ದಿನಾ ತಗೊಳ್ತಿದ್ರಾ?" ಅಂತ ನನ್ನನ್ನು ಕೇಳಿದ. ಹಿಂದೆ ಚಿಕ್ಕಪ್ಪ ಟೋಪಿ ಹಿಂಡುತ್ತಾ ನಿಂತಿದ್ದ. ನಿನಗೆ ಗೊತ್ತಲ್ಲ ಅಣ್ಣಾ, ಹೊಸಬರ ಮುಂದೆ ನಾನು ಹೂಂ ಬಿಟ್ಟು ಬೇರೆ ಹೇಳಿದವಳಲ್ಲ. ನೆಲ ನೋಡಿಕೊಂಡು "ಹೂಂ" ಅಂದೆ.

ದಿನಾ ನುಂಗಿಯೂ ಹೀಗಾಗಿದೆ ಅಂದರೆ ಆ ಮಾತ್ರೆ ಸಾಲದು ಅಂತ ಆ ಡಾಕ್ಟರು ಮೂರು ಬಗೆ ಬರೆದ. ಒಂದೂ ತಪ್ಪಿಸಬಾರದು ಅಂದ. ಮನೆಗೆ ಕರೆತಂದ ಮೇಲೆ ನಿಜವಾಗಿಯೂ ದಿನಾ ನಾನೇ ನುಂಗಿಸುತ್ತಿದ್ದೇನೆ. ಒಂದೇ ಮಾತ್ರೆಯನ್ನು ದಿನಾ ನುಂಗಿದ್ದರೆ ಸಾಕಾಗುತ್ತಿದ್ದ ದೇಹಕ್ಕೆ ಮೂರು ಬೀಳುತ್ತಿದೆ. ಎತ್ತಿ ಕೂರಿಸಿದರೆ ಮುಖ ಬಿಳಿಚಿಕೊಳ್ಳುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ. ಹೋದ ವಾರ ಎರಡು ಸಲ ನನ್ನ ತೋಳಿನಲ್ಲೇ ಪ್ರಜ್ಞೆ ತಪ್ಪಿದಳು. ಮೊನ್ನೆ ಚಿಕ್ಕಪ್ಪ ಅಳೆದ. ತೊಂಬತ್ತೂ ಇರಲಿಲ್ಲ. "ಕಡಿಮೆ ಮಾಡು ಚಿಕ್ಕಪ್ಪಾ" ಅಂತ ಕಾಲಿಗೆ ಬಿದ್ದೆ. "ದೊಡ್ಡಾಸ್ಪತ್ರೆಯವ್ರು ಬರೆದಿದ್ದನ್ನ ಕಡಿಮೆ ಮಾಡ್ಬೇಕಾದ್ರೆ ಕಾರಣ ಬರೀಬೇಕು ಸೂಯೂನ್. ಏನಂತ ಬರೀಲಿ? ಒಂದು ವರ್ಷ ಸುಳ್ಳು ಬರೆದೆ ಅಂತ ಬರೀಲಾ?" ಅಂದ. ಹೊಸಿಲ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಅತ್ತ. ಆಮೇಲೆ ಎದ್ದು ನೂರಿಪ್ಪತ್ತಾರು ಅಂತ ಬರೆದುಕೊಂಡು ಹೋದ. ಅವನನ್ನು ದ್ವೇಷಿಸಲು ನೋಡಿದೆ, ಆಗಲಿಲ್ಲ.

ಮುದುಕಿಯರು ಬಂದಿದ್ದರು. ಮೊಟ್ಟೆ ತಂದಿದ್ದರು. "ಬಾಯಿ ಬಿಡ್ಬೇಡ್ವೇ ತಾಯಿ. ಅವನ್ನ ತೆಗೆದ್ರೆ ಈ ಬೆಟ್ಟಕ್ಕೆ ಯಾವ ಡಾಕ್ಟ್ರು ಹತ್ತಿ ಬರ್ತಾನೆ? ನಾವೆಲ್ಲಾ ಸಾಯ್ಬೇಕಷ್ಟೇ" ಅಂದಳು ಫಾಂಗ್ ಅಜ್ಜಿ. ಅವಳು ಹೇಳುವುದೂ ನಿಜ. ನೀವಾದರೂ ಈಗ ದಿನಾ ನುಂಗುತ್ತೀರಾ ಅಂತ ಕೇಳಿದೆ. ಕೇಳಿಸಲಿಲ್ಲ ಅನ್ನುವ ಹಾಗೆ ಅಮ್ಮನ ಹೊದಿಕೆ ಸರಿಮಾಡಿದಳು.

ಆದರೂ ಒಂದು ನಿರ್ಧಾರ ಮಾಡಿದ್ದೇನೆ. ಹನ್ನೆರಡನೆಯ ದಿನ ಮೇಲಿನವರು ಮಾದರಿ ಹಳ್ಳಿ ಅಂತ ನಮ್ಮೂರು ನೋಡಲು ಬರುತ್ತಾರೆ, ನಮ್ಮ ಮನೆಗೂ ಬರುತ್ತಾರೆ. ಆಗ ಎಲ್ಲಾ ಹೇಳುತ್ತೇನೆ. ಚಿಕ್ಕಪ್ಪ ಹೋದರೆ ಹೋಗಲಿ, ಊರು ನನ್ನನ್ನು ಮಾತಾಡಿಸದಿದ್ದರೆ ಬೇಡ, ಅಮ್ಮನ ಮಾತ್ರೆ ಸರಿಹೋಗಲಿ. ಹೇಳಬೇಕಾದ ಮಾತನ್ನು ಹಂದಿಗೂಡಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ನಗಬೇಡ.

ನೀನು ಬೆಚ್ಚಗಿರು. ರಾತ್ರಿ ಪಾಳಿಯಲ್ಲಿ ಡೆಕ್ಕಿನ ಅಂಚಿಗೆ ಹೋಗಬೇಡ. ಅಮ್ಮನ ಎಡಗೈಯನ್ನು ಈ ಕಾಗದದ ಮೇಲೆ ಇಡಿಸಿದ್ದೇನೆ, ಅದೇ ಅವಳ ಆಶೀರ್ವಾದ ಅಂದುಕೋ.

ನಿನ್ನ ತಂಗಿ,
ಸೂಯೂನ್

ಮತ್ತೆ ಬರೆದದ್ದು: ಇವತ್ತು ಹನ್ನೆರಡು. ಪೇಟೆಗೆ ಹೋಗುವ ವ್ಯಾನು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತಿದ್ದೇನೆ. ಅವರು ಬಂದರು, ಏಳು ಜನ, ಕ್ಯಾಮೆರಾ ಇಟ್ಟುಕೊಂಡು. ಒಬ್ಬ ಹೆಂಗಸು ನನ್ನ ಕೈ ಹಿಡಿದು "ಮಾತ್ರೆ ದಿನಾ ಕೊಡ್ತೀಯೇನಮ್ಮಾ? ಅಮ್ಮ ಹುಷಾರಾಗ್ತಿದ್ದಾರಾ?" ಅಂತ ಕೇಳಿದರು. ಚಿಕ್ಕಪ್ಪ ನನ್ನನ್ನು ನೋಡಲಿಲ್ಲ, ಗೋಡೆ ನೋಡುತ್ತಿದ್ದ. ನಾನು ಹೂಂ ಅಂದೆ ಅಣ್ಣಾ. ಮತ್ತೆ ಹೂಂ ಅಂದೆ. ಮೂರೂ ಮಾತ್ರೆ ಚೆನ್ನಾಗಿ ಹಿಡಿದಿವೆ, ಹೀಗೇ ಮುಂದುವರಿಸಿ, ಮೂರು ತಿಂಗಳು ಬಿಟ್ಟು ನೋಡೋಣ ಅಂತ ಬರೆದು ಹೋದರು. ಮೂರರ ಪೊಟ್ಟಣದ ಚೂರನ್ನೂ ಈ ಹಾಳೆಯ ಹಿಂದೆ ಅಂಟಿಸಿದ್ದೇನೆ. ನೀನು ನನಗಿಂತ ಓದಿದವನು, ಹಡಗಿನಲ್ಲಿ ತಿಳಿದವರು ಯಾರಾದರೂ ಇದ್ದರೆ ತೋರಿಸು. ಇದರಲ್ಲಿ ಯಾವುದನ್ನು ಬಿಡಬೇಕು ಅಂತ ಬೇಗ ಬರೆ. ನಿನ್ನ ಕಾಗದ ಬರುವವರೆಗೆ ದಿನಾ ಮೂರರಲ್ಲಿ ಒಂದನ್ನು ಕಣ್ಣು ಮುಚ್ಚಿಕೊಂಡು ತೆಗೆದಿಡುತ್ತೇನೆ.