ತೂಬುಗಾರ ರೇವಪ್ಪನ ಮೂರು ಮಾತು

ಬೆಳೆದ ಆಷಾಢದ ಮೂವತ್ತೆಂಟನೆಯ ದಿನ, ೨೧೮೬
ಭೀಮಾತೀರ ಸಂಧಾನ ವಿದ್ಯಾಪೀಠ

ನೂರ ಅರವತ್ತು ವರ್ಷ ಹಿಂದೆ ಕನ್ನಡ ಓದುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಮಳೆ ತಡವಾಗಿ ಬರಲು ಶುರುವಾದ ಮೇಲೆ ನಮ್ಮ ಹಿರಿಯರು ಆಷಾಢಕ್ಕೆ ಹದಿನಾರು ದಿನ ಸೇರಿಸಿದರು. ನಾವು ಅದನ್ನೇ ಕಂಡು ಬೆಳೆದವರು. ನನ್ನ ಮಾತುಗಳಲ್ಲೂ ಕೆಲವು ನಿಮಗೆ ಹೊಸದಾಗಿ ಕಾಣಬಹುದು, ಕೆಲವನ್ನು ನಾನು ತಪ್ಪಾಗಿಯೇ ಬಳಸಿರಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕದಲ್ಲಿ ಕಲಿತವಳು. ಕ್ಷಮಿಸಿ ಓದಿ.

ಈ ಪತ್ರಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ. ಸಂಧಾನದ ಕೆಲಸಕ್ಕೆ ಹೊರಡುವ ಪ್ರತಿಯೊಬ್ಬ ಸಂಶೋಧಕರೂ ಹೊರಡುವ ಮುನ್ನ, ಉತ್ತರ ಬರೆಯಲಾರದ ಹಿಂದಿನವರಿಗೆ ಒಂದು ಓಲೆ ಬರೆಯಬೇಕು. ಉತ್ತರ ಬಾರದವರ ಮುಂದೆ ಜಂಬ ಕೊಚ್ಚಿಕೊಂಡು ಪ್ರಯೋಜನವಿಲ್ಲ, ಹಾಗಾಗಿ ಮನುಷ್ಯ ನೆಟ್ಟಗೆ ಬರೆಯುತ್ತಾನೆ ಎಂಬುದು ಈ ಪದ್ಧತಿ ಹಾಕಿಕೊಟ್ಟ ನನ್ನ ಗುರುಗಳ ನಂಬಿಕೆ. ಅವರ ಹೆಸರು ಡಾಕ್ಟರ್ ಜುಬೇದಾ ಇಂಡೀಕರ. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಈಗಲೂ ಬಾಯಾರು ಎನ್ನುತ್ತೇವೆ. ಅವರನ್ನೂ ಹಾಗೆಯೇ ಕರೆಯುತ್ತಿದ್ದೆವು. ಈ ಓಲೆಯಲ್ಲಿ ಹೇಳಬೇಕಾದದ್ದು ಅವರ ಕಥೆ.

ಬಾಯಾರ ವಿಷಯ ಶಾಂತಿ ಅಧ್ಯಯನ. ಜಗಳ ನಿಂತ ಮೇಲೆ ಅದು ಯಾಕೆ ನಿಂತಿತು, ಹೇಗೆ ನಿಂತೇ ಉಳಿಯಿತು ಎಂದು ಹುಡುಕುವ ಕೆಲಸ. ಬೆಳಿಗ್ಗೆ ಐದಕ್ಕೇ ಪಾಠ ಶುರು ಮಾಡುತ್ತಿದ್ದರು. ಹನ್ನೊಂದರಿಂದ ನಾಲ್ಕರವರೆಗೆ ನಮ್ಮಲ್ಲಿ ನೆರಳುಹೊತ್ತು, ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಓಣಿಗಳ ಮೇಲೆ ಬಟ್ಟೆಯ ಚಪ್ಪರ, ಕಚೇರಿಗಳಿಗೆ ಬೀಗ. ಊರೆಲ್ಲ ಮಲಗಿದಾಗ ಬಾಯಾರು ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಜೋಳದ ರೊಟ್ಟಿ ಮುರಿಯುತ್ತ ಹಳೆಯ ದಾಖಲೆ ಓದುತ್ತಿದ್ದರು. ಅವರ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಒಂದೇ ಒಂದು ಒಪ್ಪಂದದ ಅಧ್ಯಯನದಿಂದ.

ಭೀಮಾ ನದಿಯ ಮೇಲ್ದಂಡೆಯಲ್ಲಿ ಕಲ್ಲಗಡ್ಡಿ ಎಂಬ ಊರು, ಅಲ್ಲಿಂದ ನಾಲ್ಕು ಮೈಲಿ ಕೆಳಗೆ ಹುಣಸಿಹಾಳ. ೨೧೧೯ರ ಬೇಸಿಗೆಯಲ್ಲಿ ಒಂದು ಗುರುವಾರ, ಹುಣಸಿಹಾಳದ ಜನ ಒಣಗಿದ ಹೊಳೆಯಲ್ಲೇ ಸಂತೆಗೆ ಕೂಡಿದ್ದರು. ಕಲ್ಲಗಡ್ಡಿಯ ಅಣೆಕಟ್ಟಿನ ತೂಬು ಏಕಾಏಕಿ ತೆರೆಯಿತು. ನಲವತ್ತೊಂದು ಜನ ನೀರಿನಲ್ಲಿ ಕೊಚ್ಚಿಹೋದರು. ತೂಬು ಕಾಯುತ್ತಿದ್ದ ರೇವಪ್ಪನ ಹೆಣವೂ ಕೆಳಗೆ ಸಿಕ್ಕಿತು. ಕಲ್ಲಗಡ್ಡಿಯವರ ಮಾತು ಕೇಳಿ ಬೇಕೆಂದೇ ತೂಬು ತೆರೆದ, ಓಡಿಹೋಗುವಾಗ ದೇವರು ಅವನನ್ನೂ ಹಿಡಿದ ಎಂದರು ಜನ. ಎರಡು ವರ್ಷ ಎರಡೂ ಊರು ಬಡಿದಾಡಿದವು. ಕೊನೆಗೆ ಭೂಸಭೆ ನಡುವೆ ಬಂತು. ಭೂಸಭೆ ಎಂದರೆ ಎಲ್ಲ ದೇಶಗಳ, ಎಲ್ಲ ನದಿಗಳ ಪ್ರತಿನಿಧಿಗಳು ಸೇರಿ ಜಗತ್ತಿನ ಆಡಳಿತ ನೋಡುವ ಸಭೆ. ಅದು ಮಾಡಿಸಿದ ಒಪ್ಪಂದದಂತೆ ಕಲ್ಲಗಡ್ಡಿ ತಪ್ಪೊಪ್ಪಿಕೊಂಡಿತು, ಹುಣಸಿಹಾಳ ಕ್ಷಮಿಸಿತು, ನೀರಿನ ಪಾಳಿ ನಿಗದಿಯಾಯಿತು. ಪ್ರತಿ ವರ್ಷ ಅದೇ ದಿನ ರೇವಪ್ಪನ ಮನೆಯ ಒಬ್ಬರು ಹುಣಸಿಹಾಳದ ಕಟ್ಟೆಯ ಮೇಲೆ ನಿಂತು ತಲೆ ಬಾಗಿಸಬೇಕು. ಆಮೇಲೆ ಎರಡೂ ಊರಿನವರು ಒಂದೇ ಪಂಕ್ತಿಯಲ್ಲಿ ಉಣ್ಣಬೇಕು.

ಮತ್ತೆ ಜಗಳವಾಗಲಿಲ್ಲ. ತಪ್ಪೊಪ್ಪಿಗೆ ಹೇಗೆ ಶಾಂತಿಯನ್ನು ಹಿಡಿದು ನಿಲ್ಲಿಸುತ್ತದೆ ಎಂದು ಬಾಯಾರು ಇಪ್ಪತ್ತೇಳು ವರ್ಷ ಬರೆದರು. ಅವರ ಪುಸ್ತಕ ಓದಿ ಭೂಸಭೆ ಅದೇ ಮಾದರಿಯನ್ನು ಬೇರೆ ಹತ್ತೊಂಬತ್ತು ನದಿಗಳಿಗೆ ಒಯ್ದಿತು. ೨೧೭೧ರಲ್ಲಿ ಒಪ್ಪಂದಕ್ಕೆ ಐವತ್ತು ತುಂಬುವಾಗ ಬಾಯಾರಿಗೆ ಐವತ್ತೆಂಟು. ಭೂಸಭೆಯ ಹಿರಿಯರ ಪೀಠದಲ್ಲಿ ಅವರಿಗೆ ಸ್ಥಾನ ಕೊಡುವುದೆಂದು ತೀರ್ಮಾನವಾಗಿತ್ತು. ಅಷ್ಟು ದೊಡ್ಡ ಗೌರವ ನಮ್ಮ ವಿಷಯದವರಿಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ನನಗಾಗ ಇಪ್ಪತ್ತೇಳು, ನಾನು ಅವರ ಸಹಾಯಕಿ.

ಪುಸ್ತಕದ ಹೊಸ ಮುದ್ರಣಕ್ಕೆ ತೂಬು ತೆರೆದ ನಿಖರ ಸಮಯ ಬೇಕಾಗಿತ್ತು. ಅಡಿಟಿಪ್ಪಣಿಯ ಕೆಲಸ, ಅಷ್ಟೇ. ನದಿಗಳ ನೀರನ್ನು ದೂರದಿಂದಲೇ ನಡೆಸುತ್ತಿದ್ದ ಭೂಸಭೆಯ ಹರಿವು ಕಚೇರಿಯ ಹಳೆಯ ದಾಖಲೆಗಳು ಆ ವರ್ಷವಷ್ಟೇ ಸಂಶೋಧಕರಿಗೆ ತೆರೆದಿದ್ದವು. ಅವುಗಳಲ್ಲಿ ಆ ಗುರುವಾರದ ಹಾಳೆಯನ್ನು ಹುಡುಕಿ ತೆಗೆದವಳು ನಾನೇ. ಬಾಯಾರು ಓದಿದರು. ರೊಟ್ಟಿಯ ತಟ್ಟೆ ಪಕ್ಕಕ್ಕೆ ಸರಿಸಿದರು. ಮತ್ತೆ ಓದಿದರು.

"ನೀಲಗಂಗಾ, ಬಾಗಿಲಾ ಹಾಕು," ಎಂದರು.

ತೂಬು ತೆರೆದದ್ದು ರೇವಪ್ಪನಲ್ಲ. ಮೇಲಿನ ಮಳೆಯ ಲೆಕ್ಕವನ್ನು ತಪ್ಪಾಗಿ ಓದಿ, ಹರಿವು ಕಚೇರಿಯೇ ಸಾವಿರ ಮೈಲಿ ದೂರದಿಂದ ತೆರೆದಿತ್ತು. ತೆರೆಯುತ್ತೇವೆ ಎಂಬ ಸೂಚನೆ ಬಂದ ಕೂಡಲೇ ರೇವಪ್ಪ, ಬೇಡವೆಂದು ಮೂರು ಸಲ ಸುದ್ದಿ ಕಳಿಸಿದ್ದ. ಮೂರೂ ಅಲ್ಲಿ ಹಾಗೇ ಇದ್ದವು, ಯಾರೂ ತೆರೆದು ನೋಡಿದ ಗುರುತಿರಲಿಲ್ಲ. ಮರುದಿನ ಯಾರೋ ಒಬ್ಬ ಅಧಿಕಾರಿ, ಹೆಸರು ಹಾಕದೆ, 'ಸ್ಥಳೀಯರೇ ತೆರೆದದ್ದು' ಎಂದು ಒಂದು ಸಾಲು ಸೇರಿಸಿದ್ದ. ಕಲ್ಲಗಡ್ಡಿಯಿಂದ ತಪ್ಪೊಪ್ಪಿಸಿದ್ದು ಆ ಒಂದು ಸಾಲಿನ ಬಲದ ಮೇಲೆ.

ಬಾಯಾರು ಮೂರು ದಿನ ಉಳಿದ ಹಾಳೆಗಳನ್ನೂ ತಾಳೆ ನೋಡಿದರು. ನಾಲ್ಕನೆಯ ದಿನ ನನ್ನನ್ನು ಕರೆದುಕೊಂಡು ಕಲ್ಲಗಡ್ಡಿಗೆ, ರೇವಪ್ಪನ ಮೊಮ್ಮಗಳು ಲಗಮವ್ವನ ಮನೆಗೆ ಹೋದರು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಯಾರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಲಗಮವ್ವನ ಕೈ ನಿಲ್ಲಲಿಲ್ಲ.

"ನಮ್ಮಪ್ಪ ಮೂವತ್ತೊಂದು ಸಲ ಆ ಕಟ್ಟಿ ಮ್ಯಾಲೆ ನಿಂತಾನ್ರಿ. ಅಂವಾ ಸತ್ತ ಮ್ಯಾಲೆ ನಾ ಹತ್ತೊಂಬತ್ತು ಸಲ ನಿಂತೀನಿ. ಈಗ ಬಂದು, ಅದು ಬ್ಯಾಡಾಗಿತ್ತು ಅಂತೀರಿ," ಎಂದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಬಾಗಿದ ಕುತ್ತಿಗಿ ಏನ್ ಮಾಡ್ಲಿ ನಾ?"

"ನನಗ ಗೊತ್ತಿಲ್ಲವ್ವಾ," ಎಂದರು ಬಾಯಾರು. "ಮಂದಿಗೆ ಹೇಳೂಕಿಂತ ಮೊದಲ ನಿನಗ ಹೇಳಬೇಕಾಗಿತ್ತು. ನೀ ಬ್ಯಾಡ ಅಂದ್ರ ಇಲ್ಲಿಗೇ ಬಿಡ್ತೀನಿ."

"ಬ್ಯಾಡನ್ನಾಕ ನಾ ಯಾರ್ರೀ? ನಮ್ಮ ಮುತ್ಯಾ ಮೂರು ಸಲ ಬ್ಯಾಡಂದಾನಲ್ಲ. ಒಮ್ಮಿಯರ ಯಾರರ ಕೇಳ್ಲಿ."

ಹುಣಸಿಹಾಳದಲ್ಲಿ ಮಲಕಾಜಪ್ಪ ಎಂಬ ಹಿರಿಯರಿದ್ದರು. ಒಂಬತ್ತು ವರ್ಷದವರಿದ್ದಾಗ ಆ ನೀರಿನಲ್ಲಿ ತಾಯಿಯನ್ನು ಕಳೆದುಕೊಂಡವರು. ಈಚಿನ ವರ್ಷಗಳಲ್ಲಿ ಕಟ್ಟೆಯ ಮೇಲೆ ಬಾಗಿದವರನ್ನು ಕೈಹಿಡಿದು ಪಂಕ್ತಿಗೆ ಕರೆದೊಯ್ಯುತ್ತಿದ್ದವರೂ ಅವರೇ. ಬಾಯಾರ ಮಾತು ಕೇಳಿ ಅವರು ಎದ್ದು ಅಂಗಳಕ್ಕೆ ಹೋದರು, ಮತ್ತೆ ಒಳಗೆ ಬಂದರು.

"ಸಣ್ಣಾಂವ ಇದ್ದಾಗಿಂದ ಆ ಮನಿಯವರ ಮ್ಯಾಲೆ ಸಿಟ್ಟು ಮಾಡ್ಕೊಂಡೆ. ಸಿಟ್ಟು ನುಂಗಾಕ ಅರ್ಧಾ ಆಯುಷ್ಯ ಹೋತು. ಈಗ ಆ ಸಿಟ್ಟೂ ಸುಳ್ಳು, ಮಾಡಿದ ಕ್ಷಮಾನೂ ಸುಳ್ಳು ಆತಲ್ರಿ ಬಾಯಾರ. ಹಂಗಾರ ನನ್ನ ಕಡೆ ಉಳಿದದ್ದೇನು?"

ಬಾಯಾರು ಆ ಹಾಳೆಯ ಪ್ರತಿಯನ್ನು ಅವರ ಕೈಗೆ ಕೊಟ್ಟು ಎದ್ದರು.

ಆ ವರ್ಷ ಭೂಸಭೆ ಮೊಂಬಾಸಾದಲ್ಲಿ ಕೂಡುವುದಿತ್ತು. ಹಾಯಿಹಡಗಿನಲ್ಲಿ ಹದಿನೆಂಟು ದಿನದ ದಾರಿ. ಅಲ್ಲಿ ಸಭೆಯ ಕಾರ್ಯದರ್ಶಿ ನಮ್ಮನ್ನು ಬಂದರಿನಲ್ಲೇ ಕಂಡರು. ಬಾಯಾರು ಮೊದಲೇ ಅವರಿಗೆ ದಾಖಲೆಯ ಪ್ರತಿ ಕಳಿಸಿದ್ದರು. ಕಾರ್ಯದರ್ಶಿ ಕೆಟ್ಟವರಲ್ಲ. ಕಣ್ಣು ಕೆಂಪಗಾಗಿದ್ದವು, ನಿದ್ದೆ ಮಾಡಿದಂತಿರಲಿಲ್ಲ. ಅನುವಾದದ ಯಂತ್ರ ಅವರ ಮಾತನ್ನು ಪುಸ್ತಕದ ಕನ್ನಡದಲ್ಲಿ ಹೇಳಿತು: "ತಪ್ಪು ನಮ್ಮದೇ, ಅಲ್ಲವೆನ್ನುವುದಿಲ್ಲ. ಆದರೆ ಹತ್ತೊಂಬತ್ತು ನದಿಗಳ ಜನ ಈ ಒಪ್ಪಂದವನ್ನು ನಂಬಿ ಕತ್ತಿ ಕೆಳಗಿಟ್ಟಿದ್ದಾರೆ. ಐವತ್ತು ತುಂಬಿದ ಒಪ್ಪಂದದ ನವೀಕರಣ ಮುಗಿಯಲಿ. ಒಂದು ವರ್ಷ ತಾಳಿ. ಆಮೇಲೆ ಒಂದೊಂದೇ ನದಿಗೆ ಹೋಗಿ ನಾವಿಬ್ಬರೂ ಹೇಳೋಣ."

ನನಗೆ ಅದು ಸರಿ ಎನಿಸಿತು. ಇದನ್ನು ನಾನು ಮುಚ್ಚಿಡಬಾರದು. ತಂಗಿದ್ದ ಕೋಣೆಗೆ ಬಂದ ಕೂಡಲೇ, "ಬಾಯಾರ, ಐವತ್ತು ವರ್ಷ ಕಾದದ್ದು ಇನ್ನೊಂದು ವರ್ಷ ಕಾಯ್ಲಿ ಬಿಡ್ರಿ," ಎಂದೆ.

"ಲಗಮವ್ವನ ಮಗಳು ಸುಗಲಾಗ ಈ ಸಲ ಹದಿನೆಂಟು ತುಂಬತದ," ಎಂದರು. "ಐವತ್ತನೇ ವರ್ಷ ಹೊಸ ತಲೆಮಾರು ನಿಲ್ಲಬೇಕಂತ ಒಪ್ಪಂದದಾಗ ಅದ. ಮುಂದಿನ ತಿಂಗಳ ಆಕಿ ಪಾಳಿ. ಎಲ್ಲಾ ಗೊತ್ತಿದ್ದೂ ಆ ಹುಡುಗಿನ್ನ ಕಟ್ಟಿ ಮ್ಯಾಲೆ ನಿಲ್ಲಸಲೇನು?"

"ಬ್ಯಾರೆ ನದಿ ಮ್ಯಾಲೆ ಯಾರರ ಸತ್ರ?"

ಅವರು ಆ ಗುರುವಾರದ ಹಾಳೆಯನ್ನು ಮಡಿಚಿ ಚೀಲದಲ್ಲಿಟ್ಟರು. "ಸಾಯಬಹುದು," ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಮರುದಿನ ಬೆಳಿಗ್ಗೆ ಸಭೆಯಲ್ಲಿ ಅವರ ಹೆಸರು ಕೂಗಿದರು. ಬಾಯಾರು ವೇದಿಕೆ ಹತ್ತಿದರು, ಪೀಠದಲ್ಲಿ ಕೂರಲಿಲ್ಲ. ಆ ಗುರುವಾರದ ಹಾಳೆ ತೆಗೆದು, ಅನುವಾದದ ಯಂತ್ರ ನಿಲ್ಲಿಸಲು ಹೇಳಿ, ರೇವಪ್ಪನ ಮಾತನ್ನು ಅವನ ಕನ್ನಡದಲ್ಲೇ ಓದಿದರು.

"ಹೊಳ್ಯಾಗ ಮಂದಿ ಅದಾರ. ತಗೀಬ್ಯಾಡ್ರಿ."

"ಸಂತಿ ಕೂಡ್ಯದ. ಎರಡು ತಾಸು ಕೊಡ್ರಿ, ಎಬ್ಬಸ್ತೀನಿ."

"ಯಾರೂ ಮಾತಾಡವಲ್ರಿ. ನಾ ಕೆಳಗ ಹೊಂಟೀನಿ."

ಅದಾದ ಮೇಲೆ ಯಂತ್ರವನ್ನು ಮತ್ತೆ ಹಚ್ಚಿಸಿ ಒಂದೊಂದಾಗಿ ಅರ್ಥ ಹೇಳಿದರು. ರೇವಪ್ಪ ಓಡಿಹೋಗುತ್ತಿರಲಿಲ್ಲ, ಜನರನ್ನು ಎಬ್ಬಿಸಲು ಸಂತೆಗೆ ಓಡುತ್ತಿದ್ದ. ಕೊನೆಗೆ, ಇಪ್ಪತ್ತೇಳು ವರ್ಷ ನಾನು ಸುಳ್ಳು ತಪ್ಪೊಪ್ಪಿಗೆಯನ್ನೇ ಶಾಂತಿಯ ಬುನಾದಿ ಎಂದು ಬರೆದೆ, ಆ ಮನೆಯವರನ್ನು ಒಂದು ಮಾತು ಕೇಳಲಿಲ್ಲ, ಈ ಪೀಠ ನನಗೆ ಬೇಡ ಎಂದರು.

ಆ ವರ್ಷ ಸುಗಲಾ ಕಟ್ಟೆಯ ಮೇಲೆ ನಿಲ್ಲಲಿಲ್ಲ. ಮಲಕಾಜಪ್ಪ ತಾವೇ ಕಲ್ಲಗಡ್ಡಿಗೆ ನಡೆದು ಹೋಗಿ ಲಗಮವ್ವನ ಮನೆಯ ಹೊಸ್ತಿಲ ಮೇಲೆ ಕೂತರು. ಇಬ್ಬರೂ ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ. ಸತ್ತವರ ಕಲ್ಲಿನ ಮೇಲೆ ನಲವತ್ತೆರಡನೆಯದಾಗಿ ರೇವಪ್ಪನ ಹೆಸರು ಕೆತ್ತಿದರು.

ಆದರೆ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಓಲೆಯನ್ನು ಇಷ್ಟು ಕಷ್ಟಪಟ್ಟು ಬರೆಯುತ್ತಿರಲಿಲ್ಲ. ಸಮುದ್ರದಾಚೆ ಉರಾಂಬೆ ಎಂಬ ನದಿ ಇದೆ. ಅಲ್ಲಿಯೂ ನಮ್ಮ ಮಾದರಿಯ ಒಪ್ಪಂದವೇ ಇತ್ತು. ತಲೆ ಬಾಗಿಸುತ್ತಿದ್ದ ದಂಡೆಯವರು, ನಮ್ಮ ತಪ್ಪೂ ಸುಳ್ಳೇ ಇರಬೇಕು ಎಂದರು. ಒಪ್ಪಂದದ ಹಾಳೆ ಹರಿದರು. ನಾಲ್ಕನೆಯ ದಿನ ಪಂಪ್‌ಮನೆಗೆ ಬೆಂಕಿ ಬಿತ್ತು. ಒಳಗೆ ಏಳು ಜನ ಸತ್ತರು.

ಸುದ್ದಿ ಬಂದಾಗ ಬಾಯಾರು ಮೊದಲು ಕೇಳಿದ್ದು ಸತ್ತವರ ಹೆಸರು. ಏಳೂ ಹೆಸರನ್ನು ತಮ್ಮ ಪುಸ್ತಕದ ಮೊದಲ ಪುಟದಲ್ಲಿ ಕೈಯಿಂದ ಬರೆದುಕೊಂಡರು. ಅವರನ್ನು ಹೊಗಳಲು ಬಂದವರಿಗೆ ಆ ಪುಟ ತೋರಿಸುತ್ತಿದ್ದರು, ಬೈಯಲು ಬಂದವರ ಮಾತಿಗೆ ತಲೆಯಾಡಿಸುತ್ತಿದ್ದರು. ಎರಡು ವರ್ಷದ ಮೇಲೆ ಹೊಸ ನಿಯಮ ಬಂತು: ಯಾವ ತೂಬನ್ನೂ ದೂರದಿಂದ ತೆರೆಯುವಂತಿಲ್ಲ, ತೂಬಿನ ಬಳಿ ಒಬ್ಬ ಮನುಷ್ಯ ಇರಬೇಕು, ಅವನು ಬೇಡ ಎಂದರೆ ಭೂಸಭೆಯೂ ನಿಲ್ಲಬೇಕು. ನಮ್ಮ ಕಾಲದ ದೊಡ್ಡ ಸುಧಾರಣೆ ಇದು ಎನ್ನುತ್ತಾರೆ. ಬಾಯಾರ ಬಾಯಿಂದ ಆ ಮಾತನ್ನು ನಾನು ಕೇಳಲಿಲ್ಲ.

ಅವರು ಉರಾಂಬೆಯ ಆ ಏಳು ಮನೆಗಳಿಗೆ ವರ್ಷಕ್ಕೊಂದು ಕಾಗದ ಬರೆದರು. ಕ್ಷಮೆ ಕೇಳಲಿಲ್ಲ, ಸಮರ್ಥನೆಯನ್ನೂ ಮಾಡಿಕೊಳ್ಳಲಿಲ್ಲ. ಇಂಥದ್ದು ನಾನು ಮಾಡಿದೆ, ನಿಮಗೆ ಇಂಥದ್ದು ಆಯಿತು, ಕೇಳುವುದಿದ್ದರೆ ಬರುತ್ತೇನೆ, ಅಷ್ಟೇ. ಹನ್ನೆರಡು ಕಾಗದ, ಒಂದಕ್ಕೂ ಉತ್ತರವಿಲ್ಲ. ಎರಡು ವರ್ಷದ ಕೆಳಗೆ ಅವರು ತೀರಿಕೊಂಡರು. ಅವರು ಮಾಡಿದ್ದು ಸರಿಯೇ, ನಾನು ಹೇಳಿದಂತೆ ಒಂದು ವರ್ಷ ತಾಳಿದ್ದರೆ ಆ ಏಳು ಜನ ಉಳಿಯುತ್ತಿದ್ದರೇ? ಹದಿನೈದು ವರ್ಷದಿಂದ ಯೋಚಿಸುತ್ತಿದ್ದೇನೆ. ಸುಗಲಾಳ ಮುಖ ನೋಡಿದ ದಿನ ಒಂದು ಉತ್ತರ, ಆ ಪುಟ ತೆರೆದ ದಿನ ಇನ್ನೊಂದು.

ಕಳೆದ ತಿಂಗಳು ಬಾಯಾರ ಹೆಸರಿಗೆ ಉರಾಂಬೆಯಿಂದ ಕಾಗದ ಬಂತು. ಬರೆದವಳು ಸತ್ತವರಲ್ಲಿ ಒಬ್ಬನ ತಾಯಿ. "ಆ ಬೆಂಕಿ ಇಟ್ಟವರು ಯಾರೆಂದು ನಮ್ಮಲ್ಲಿ ಎರಡು ಕಥೆಗಳಿವೆ. ಎರಡೂ ಕಡೆಯ ಮಕ್ಕಳು ಅದನ್ನೇ ಕಲಿತು ಬೆಳೆಯುತ್ತಿದ್ದಾರೆ. ನೀವು ಹಳೆಯ ಕಾಗದ ಓದಬಲ್ಲವರಂತೆ. ನಿಮ್ಮ ಮೇಲೆ ನನಗೆ ಪ್ರೀತಿಯಿಲ್ಲ. ಬನ್ನಿ."

ಹೋಗುತ್ತಿರುವುದು ನಾನು.

ಹಿರಿಯರೇ, ನಿಮ್ಮಿಂದ ಒಂದು ಮಾತು ಬೇಡಿಕೊಳ್ಳುವುದಿದೆ. ದೂರ ಕೂತು ಊರೂರಿಗೆ ಆಜ್ಞೆ ಕೊಡುವ ಕಚೇರಿಗಳು, ಯಂತ್ರಗಳು ನಿಮ್ಮ ಕಾಲದಲ್ಲೇ ಹುಟ್ಟುತ್ತಿವೆ ಎಂದು ಓದಿದ್ದೇನೆ. ಅವು ಬೇಡವೆನ್ನಲು ನಾನು ಯಾರು? ಆದರೆ ಆಜ್ಞೆಯ ಕೆಳಗೆ ಕೊಟ್ಟವರ ಹೆಸರು ಬರೆಯಿಸಿ. ಸ್ಥಳದಲ್ಲಿದ್ದವನು ಬೇಡವೆಂದರೆ ಆ ಮಾತನ್ನು ಅವತ್ತೇ ಓದಿ. ತಪ್ಪಾದರೆ ಅವತ್ತೇ ಒಪ್ಪಿಕೊಳ್ಳಿ. ಐವತ್ತು ವರ್ಷದ ಮೇಲೆ ಅದನ್ನು ಹೇಳಬೇಕಾದವರು ಏನು ಮಾಡಿದರೂ ಯಾರಿಗಾದರೂ ನೋವಾಗುತ್ತದೆ.

ಹಡಗು ನಾಳೆ ಬೆಳಿಗ್ಗೆ. ಮೊದಲು ಆ ತಾಯಿಯ ಮನೆಗೆ ಹೋಗುವವಳಿದ್ದೇನೆ. ಬಾಗಿಲು ತೆಗೆದರೆ, ಬಾಯಾರು ತೀರಿಕೊಂಡರು ಎಂದು ಹೇಳಬೇಕು. ಆಮೇಲೆ ಒಳಗೆ ಕರೆಯುವುದು, ಬಿಡುವುದು ಅವರಿಗೆ ಬಿಟ್ಟದ್ದು.

ನಿಮ್ಮವಳು,
ನೀಲಗಂಗಾ ಕೊಲ್ಹಾರ