ಎರಡನೇ ಭಾಷೆ ಕೇಳದ ವೆಬ್‌ಸೈಟು

ಜೂನ್ 17, ಮಂಗಳವಾರ. ಸಹಕಾರನಗರ.

ಮಹಡಿ ಮನೆಯ ಮುಸರ್ರತ್ ಆಂಟಿಯನ್ನು ಬೆಳಿಗ್ಗೆ ಲ್ಯಾಬಿನವರು ರಕ್ತ ತೆಗೆಯದೆ ವಾಪಸ್ ಕಳಿಸಿದರು. ಟೀ ಕುಡಿದು ಹೋಗಿದ್ದರಂತೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಲ್ಯಾಬಿನ ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲೇ ಇದೆ. ಅದನ್ನು ಮಾಡಿದವಳು ನಾನೇ.

"ನಮ್ಮನೆಯೋರು ಫೋನಿಗೆ ಮೊದ್ಲು ಉರ್ದು, ಆಮೇಲೆ ಕನ್ನಡ ಹಾಕ್ಕೊಟ್ಟಿದ್ದಾರೆ. ಎರಡೂ ಓದ್ತೀನಿ. ಈ ಇಂಗ್ಲಿಷ್ ಎಲ್ಲಿಂದ ಬಂತು ಮೋನಿಕಾ?" ಆಂಟಿ ಫೋನಿನಲ್ಲಿ ಆ ಪುಟ ತೋರಿಸಿ ಕೇಳಿದರು.

ಬಂದದ್ದು ನನ್ನಿಂದ. ಬ್ರೌಸರ್ ಪಾಪ ಸೈಟಿಗೆ ಎರಡೂ ಭಾಷೆಗಳ ಹೆಸರು ಹೇಳುತ್ತಿತ್ತು. ನಮ್ಮ ಸೈಟಿನಲ್ಲಿ ಉರ್ದು ಇಲ್ಲ, ಕನ್ನಡ ಇದೆ. ಎರಡನೆಯದನ್ನು ಕೇಳಿಸಿಕೊಳ್ಳುವ ತಾಳ್ಮೆಯಿಲ್ಲದೆ ನನ್ನ ಕೋಡು ಸೀದಾ ಇಂಗ್ಲಿಷಿಗೆ ಹಾರುತ್ತಿತ್ತು. ಮನೆಗೊಂದು, ಸ್ಕೂಲಿಗೊಂದು ಭಾಷೆ ಇಟ್ಟುಕೊಂಡವರ ಬೀದಿಯಲ್ಲೇ ಬೆಳೆದವಳು ನಾನು. ಆದರೂ ಹಾಗೆ ಬರೆದಿದ್ದೆ. ಮಧ್ಯಾಹ್ನ ಸರಿಮಾಡಿದೆ. ಊಟಕ್ಕಿಂತ ಬೇಗ ಮುಗಿಯಿತು. ಅದೇ ಇನ್ನೂ ಚುಚ್ಚುತ್ತಿದೆ.

ಸಂಜೆ ಮೆಟ್ಟಿಲ ಮೇಲೆ ನಿಂತು ಆಂಟಿ ಕನ್ನಡದಲ್ಲಿ ಗಟ್ಟಿಯಾಗಿ ಓದಿದರು: "ಹನ್ನೆರಡು ಗಂಟೆ ಏನೂ ತಿನ್ನಬಾರದು. ನೀರು ಕುಡಿಯಬಹುದು." ಆಮೇಲೆ ನನ್ನ ಮುಖ ನೋಡಿದರು.

"ಇಷ್ಟೇನಾ? ನೀರು ಬೇರೆ ಕುಡೀಬೋದಂತೆ! ವರ್ಷಾ ವರ್ಷಾ ಒಂದು ತಿಂಗಳು ಹಗಲೆಲ್ಲಾ ನೀರೂ ಮುಟ್ದೆ ರೋಜಾ ಇಡೋಳು ಕಣಮ್ಮ ನಾನು. ಒಂದ್ಮಾತು ಹೇಳ್ಬಾರ್ದಿತ್ತಾ?"