ಗಟ್ಟಿ ಗಾಡಿ, ಮೆತ್ತನೆ ಗಾಡಿ

ಭಾನುವಾರ, ಊಟವಾದ ಮೇಲೆ

ನನ್ನ ಪುಟ್ಟಿಗೆ,

ಮೊದಲೇ ಹೇಳಿಬಿಡುತ್ತೇನೆ, ಓದುತ್ತ ಎದೆ ಹಿಡಿದುಕೊಳ್ಳಬೇಡ. ನನಗೆ ಒಂದು ಗೀರೂ ಆಗಿಲ್ಲ. ನಿನ್ನ ಸೋದರಮಾವ ಬದುಕಿದ್ದಾನೆ.

ಫೋನಿನಲ್ಲಿ ಹೇಳೋಣವೆಂದರೆ ನೀನು 'ಅಮ್ಮಾ, ಈ ವಯಸ್ಸಲ್ಲಿ ನಿಂಗೆ ಇದೆಲ್ಲ ಬೇಕಿತ್ತಾ' ಅಂತ ಅಳೋಕೆ ಶುರು ಮಾಡುತ್ತೀ. ಕಾಗದಕ್ಕಾದರೆ ಅಡ್ಡಬಾಯಿ ಹಾಕೋಕಾಗಲ್ಲ.

ಬೇಕಿತ್ತು ಕಣೇ. ನಿಮ್ಮಪ್ಪ ಹೋದ ಮೇಲೆ ಅವರ ಬಸ್ಸಿನ ಸ್ಟೇರಿಂಗು ಹಿಡಿದವಳು, ಮುಪ್ಪಿನವರೆಗೂ ಊರವರನ್ನೆಲ್ಲ ಅವರವರ ಮನೆ ಮುಟ್ಟಿಸಿದೆ. ಚಿಳ್ಳೆಪಿಳ್ಳೆ ಗಾಡಿಗಳೆಲ್ಲ ನನ್ನನ್ನು ದಾಟಿಕೊಂಡು ಹೋಗುವಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಬಸ್ಸು ಮಾರಿದ ದಿನ ಅನ್ನಿಸಿತು, ಒಂದು ಸಲವಾದರೂ ಎಲ್ಲರನ್ನೂ ಹಿಂದೆ ಹಾಕಬೇಕು. ಆಸೆಗೆ ಮಂಡಿನೋವು ಎಲ್ಲಿ ಗೊತ್ತಾಗುತ್ತೆ?

ಕಾರು ಕೊಳ್ಳೋಣವೆಂದು ಹೋದ ಶೋರೂಮಿನಲ್ಲಿ ಎರಡು ಗಾಡಿ ನಿಂತಿದ್ದವು. ಒಂದೇ ಎಂಜಿನ್ನು, ಒಂದೇ ಗುಟುರು. ಕೆಂಪು ಗಾಡಿಯನ್ನು ರೇಸ್ ಟ್ರ್ಯಾಕಿಗೆಂದೇ ಮಾಡಿದ್ದರು. ಹಿಂದಿನ ಸೀಟು ಕಿತ್ತು ಕಬ್ಬಿಣದ ಕಂಬಿ ಜೋಡಿಸಿದ್ದರು, ಬೆಲ್ಟು ಎರಡೂ ಭುಜದ ಮೇಲಿಂದ ಬಂದು ಕಟ್ಟಿಹಾಕುತ್ತಿತ್ತು, ಸ್ಪ್ರಿಂಗು ಕಲ್ಲಿನಂತೆ. ಬೂದು ಬಣ್ಣದ್ದು ಊರೂರು ತಿರುಗೋಕೆ. ಚರ್ಮದ ಸೀಟು, ಹಿಂದೆಯೂ ಇಬ್ಬರು ಕೂರುವಷ್ಟು ಜಾಗ, ಬಾಗಿಲು ಹಾಕಿದರೆ ಹೊರಗಿನ ಲೋಕವೇ ಇಲ್ಲ. ನಿನ್ನ ಸೋದರಮಾವ ಎರಡರ ಸುತ್ತಲೂ ಬಂದು, ಹೊಲಿಗೆಯವನಲ್ಲವೇ, ಬೂದು ಗಾಡಿಯ ಸೀಟಿನ ಹೊಲಿಗೆ ಮುಟ್ಟಿ ಮುಟ್ಟಿ ನೋಡಿದ. 'ಅಕ್ಕ, ಗುಮ್ಮೋ ಹೋರಿ ಬೇಕಾ, ಸುಪ್ಪತ್ತಿಗೆ ಬೇಕಾ?' ಅಂತ ನಕ್ಕ. ನನ್ನ ಕಣ್ಣು ಹೋರಿಯ ಮೇಲೇ ಇತ್ತು.

ಎರಡನ್ನೂ ಓಡಿಸಿ ನೋಡಿ ಅಂದರು. ಕೆಂಪು ಗಾಡಿಯಲ್ಲಿ ನಾನು, ಪಕ್ಕದಲ್ಲಿ ಸೇಲ್ಸ್‌ಮ್ಯಾನು. ಹಿಂದೆ ಬೂದು ಗಾಡಿಯಲ್ಲಿ ನನ್ನ ತಮ್ಮ ಒಬ್ಬನೇ. ಗೋದಾಮುಗಳ ನಡುವಿನ ಅಗಲ ರಸ್ತೆ, ರಜೆಯ ದಿನ. ಪುಟ್ಟೀ, ಆ ಕೆಂಪು ಗಾಡಿಯ ಬಗ್ಗೆ ಹೇಗೆ ಹೇಳಲಿ? ರಸ್ತೆಯ ಒಂದೊಂದು ಹರಳೂ ಬೆನ್ನುಮೂಳೆಗೆ ಬಂದು ತನ್ನ ಹೆಸರು ಹೇಳುತ್ತಿತ್ತು. ಬಸ್ಸಾದರೆ ತಿರುಗು ಅಂತ ಬೇಡಿಕೊಳ್ಳಬೇಕು, ಇದು ಕೈ ತಿರುಗುವ ಮೊದಲೇ ತಿರುಗುತ್ತಿತ್ತು. ಕಾಲೇಜು ಹುಡುಗಿಯ ಹಾಗೆ ಕಿರುಚಿದೆ.

ಅಷ್ಟರಲ್ಲಿ ತಮ್ಮನ ಹಿಂದೆ ಒಂದು ಪಿಕಪ್ ಬಂದಿದೆ. ದಾರಿ ಬಿಡೆಂದು ಹಾರ್ನು ಹೊಡೆದಿದ್ದಾರೆ. ಆ ಗಾಡಿಯೊಳಗೆ ಹಾರ್ನು ಎಲ್ಲಿ ಕೇಳಿಸಬೇಕು? ಅವನು ಸೀಟಿಗೊರಗಿ ಹಾಡು ಹಾಕಿಕೊಂಡು ನಡುರಸ್ತೆಯಲ್ಲಿ ಮೆರವಣಿಗೆ ಹೊರಟಿದ್ದಾನೆ. ಬೇಕೆಂದೇ ಸತಾಯಿಸುತ್ತಿದ್ದಾನೆಂದು ಅವರ ಪಿತ್ತ ನೆತ್ತಿಗೇರಿದೆ. ಅವನನ್ನು ದಾಟಿ ಬಂದು ಪಿಕಪ್ಪನ್ನು ಅಡ್ಡ ಹಾಕಿ ನಿಲ್ಲಿಸಿದರು.

ನಾನು ಮುಂದೆ ಹೋಗಿ, ತಮ್ಮ ಬರಲೆಂದು ನಿಂತಿದ್ದೆ. ನೋಡಿದ್ದೆಲ್ಲ ಪಕ್ಕದ ಕನ್ನಡಿಯಲ್ಲೇ. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ಜಾಕಿ ರಾಡು. ಮೊದಲು ಕಿಟಕಿಯ ಗಾಜು ಹೋಯಿತು. ಇನ್ನೊಬ್ಬ ಬಾಗಿಲು ತೆಗೆದು ನನ್ನ ತಮ್ಮನನ್ನು ಕಾಲರ್ ಹಿಡಿದು ಹೊರಗೆಳೆದು ಪಿಕಪ್ಪಿನ ಈಚೆ ಬದಿಗೆ ತಂದ. ಅವನು ಕೈ ಮುಗಿದ, ಪುಟ್ಟೀ. ಆ ಮುಗಿದ ಕೈಯ ಮೇಲೇ ರಾಡು ಬಿತ್ತು. ಆಮೇಲೆ ಮುಖದ ಮೇಲೆ. ನೆಲಕ್ಕೆ ಕುಸಿದವನ ಪಕ್ಕೆಗೆ ಬೂಟುಗಾಲು, ಮತ್ತೆ ರಾಡು. ಕನ್ನಡಿಯಲ್ಲಿ ಸದ್ದೇ ಇರಲಿಲ್ಲ. ಅಂಗಳದಲ್ಲಿ ಯಾರೋ ಹಾಸಿಗೆಯ ಧೂಳು ಬಡಿಯುತ್ತಿರುವ ಹಾಗೆ ಕಾಣುತ್ತಿತ್ತು.

ಸೇಲ್ಸ್‌ಮ್ಯಾನು 'ಮೇಡಂ ಇಳೀಬೇಡಿ, ಪೊಲೀಸ್ರಿಗೆ ಫೋನ್ ಮಾಡ್ತೀನಿ' ಅಂದ. ನಾನು ಇಳಿಯಲಿಲ್ಲ. ಹಿಂದಿನ ಗೇರು ಹಾಕಿದೆ.

ಬೆಲ್ಟು ಬಿಗಿದು ಕುತ್ತಿಗೆ ತಿರುಗಿಸೋಕಾಗುತ್ತಿರಲಿಲ್ಲ. ಪರವಾಗಿಲ್ಲ, ಬಸ್ಸಿನವಳಿಗೆ ಕನ್ನಡಿಯೇ ಕಣ್ಣು. ಗಾಡಿ ಹಿಮ್ಮುಖವಾಗಿಯೇ ಬೊಬ್ಬಿರಿಯಿತು. ರಾಡಿನವನು ಪಿಕಪ್ಪಿನ ಪಕ್ಕಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಅವನ ಕಾಲು ಎರಡು ಗಾಡಿಗಳ ನಡುವೆ ಸಿಕ್ಕಿತು. ಹಸಿ ಸೌದೆ ಮುರಿದ ಹಾಗೆ ಸದ್ದು. ನನ್ನ ತಮ್ಮ ಚಕ್ರದಿಂದ ಒಂದು ಗೇಣಿನಾಚೆ ಬಿದ್ದಿದ್ದ. ಅವನ ಅಂಗಿಯ ತುದಿಗೂ ಚಕ್ರ ತಾಗಲಿಲ್ಲ.

ಇನ್ನೊಬ್ಬ ಓಡಿಹೋದ. ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಶಾಲು ಸುತ್ತಿದೆ. ಶಾಲು ತೊಯ್ದು ಬಿಸಿಯಾಯಿತು. ಬಲಗಣ್ಣಿರಬೇಕಾದ ಕಡೆ ನೋಡುವ ಧೈರ್ಯ ಬರಲಿಲ್ಲ. ಆ ಕಡೆ ಸೇಲ್ಸ್‌ಮ್ಯಾನು ತನ್ನ ಸೊಂಟದ ಬೆಲ್ಟು ಬಿಚ್ಚಿ ರಾಡಿನವನ ತೊಡೆಗೆ ಬಿಗಿಯುತ್ತಿದ್ದ. ಆ ರಾಡಿನವನದು ಮೀಸೆ ಈಗಷ್ಟೇ ಚಿಗುರಿದ ಮುಖ. 'ಅಮ್ಮಾ, ಅಮ್ಮಾ' ಅನ್ನುತ್ತಿದ್ದ. ಸುತ್ತ ಇದ್ದ ಹೆಂಗಸು ನಾನೊಬ್ಬಳೇ, ನನ್ನನ್ನೇ ನೋಡುತ್ತಿದ್ದ.

ನಿನ್ನ ಸೋದರಮಾವನ ಬಲಗಣ್ಣು ತೆಗೆದರು. ಎರಡು ಬೆರಳು ಮತ್ತೆ ಕೂಡುವುದು ಅನುಮಾನವಂತೆ. 'ಅಳಬೇಡಕ್ಕ, ಸೂಜಿಗೂ ಒಂದೇ ಕಣ್ಣು, ಅದು ಬಾಳೋದಿಲ್ವಾ?' ಅಂದ. ಅಂದು ಗೋಡೆಯ ಕಡೆ ಹೊರಳಿದ. ಆ ರಾಡಿನ ಹುಡುಗನ ಕಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಅವನ ತಾಯಿ ಅದೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ನಾನು ಹಿಂದಿನ ಬಾಗಿಲಿಂದ ಹೋಗಿಬರುತ್ತೇನೆ.

ಠಾಣೆಯಲ್ಲಿ ಕುರ್ಚಿ ಹಾಕಿ ಟೀ ಕೊಟ್ಟರು. ತಮ್ಮನ ಜೀವ ಉಳಿಸಿದಿರಿ, ಹೆದರಬೇಡಿ ಅಂದರು. ನನ್ನ ಬಸ್ಸಿನ ಹಳೆ ಪ್ರಯಾಣಿಕರು ಮನೆಗೆ ಬಂದು ಹುಲಿ, ಸಿಂಹ ಅಂತ ಹೊಗಳಿ ಹೋಗುತ್ತಾರೆ. ಯಾರಿಗೂ ಕೂತುಕೋ ಅನ್ನೋಕೆ ಮನಸ್ಸಿಲ್ಲ.

ಶೋರೂಮಿನವರು ಯಾವ ಗಾಡಿ ಅಂತ ಕೇಳಿದರು. ಬೂದು ಬಣ್ಣದ್ದು ಅಂದೆ. ರಿಪೇರಿಯಾಗಿ ನಿನ್ನೆ ಬಂತು, ಬಾಗಿಲಲ್ಲಿ ನಿಂತಿದೆ. ಕೆಂಪು ಗಾಡಿ ಕೆಟ್ಟದ್ದೆಂದಲ್ಲ. ಮನಸ್ಸಿನಲ್ಲಿ ಏನು ಬಂತೋ ಅದನ್ನು ಬಂದ ಹಾಗೇ ಮಾಡುತ್ತದೆ, ನಡುವೆ ಉಸಿರು ತೆಗೆದುಕೊಳ್ಳೋಕೂ ಬಿಡುವುದಿಲ್ಲ. ಅಂಥ ಗಾಡಿಗೆ ಒಳ್ಳೆ ಮನಸ್ಸಿನವರು ಬೇಕು. ಈ ಮೆತ್ತನೆಯದು ಸ್ವಲ್ಪ ತೂಗಾಡುತ್ತದೆ, ಯೋಚಿಸುತ್ತದೆ, ಆಮೇಲೆ ತಿರುಗುತ್ತದೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ಈಗಲೇ ಏನೂ ಹೇಳಬೇಡ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಹಿಂದಕ್ಕೆ ಹೋಗುವಾಗ ಕನ್ನಡಿಯಲ್ಲಿ ಕಂಡದ್ದನ್ನು ಪೊಲೀಸರಿಗೆ ಹೇಳಿಲ್ಲ. ಎಂಜಿನ್ನಿನ ಸದ್ದಿಗೆ ಆ ಹುಡುಗ ತಿರುಗಿದ್ದ. ರಾಡು ಎಸೆದಿದ್ದ. ನಿಲ್ಲಿಸಿ ಅಂತ ಎರಡೂ ಅಂಗೈ ಎತ್ತಿ ತೋರಿಸಿದ್ದ. ಬ್ರೇಕು ಹಾಕಿದ್ದರೆ ಗಾಡಿ ನಿಲ್ಲುತ್ತಿತ್ತು, ಅದು ನನಗೆ ಗೊತ್ತಿತ್ತು. ಹಾಕಲಿಲ್ಲ. ಸೇಲ್ಸ್‌ಮ್ಯಾನು ನನ್ನ ಮುಖ ನೋಡಿ, ಹುಡುಗ ರಾಡು ಎತ್ತಿಯೇ ಇದ್ದ ಅಂತ ಪೊಲೀಸರಿಗೆ ಬರೆದುಕೊಟ್ಟ. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳುತ್ತೇನೆ. ಟೀ ಕೊಟ್ಟವರೇ ಒಳಗೆ ಕೂರಿಸಬಹುದು. ಗಾಡಿ ನಿನ್ನ ಹೆಸರಿನಲ್ಲಿದೆ ಮಗಳೇ, ಕೀಲಿ ಪಕ್ಕದ ಮನೆಯವರ ಹತ್ತಿರ ಕೊಟ್ಟಿರುತ್ತೇನೆ. ಬಂದು ಸೋದರಮಾವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಾ. ನಿಧಾನವಾಗಿ ಓಡಿಸು, ಅವನ ಹೊಲಿಗೆ ಇನ್ನೂ ಹಸಿ.